ಕಡ್ಡಿಯಕ್ಕ ನಿಲ್ಲಿಸಿದ ತೋಪು

ಬೆಳಕು ಸರಿಯಾಗಿ ಹರಿಯುವ ಮೊದಲೇ ತೋಪಿನಲ್ಲಿ ಗರಗಸ ಮೊರೆಯುತ್ತಿದೆ. ಮೊದಲ ಪಾಪ್ಲರ್ ಮರ ಲಟಲಟನೆ ಮುರಿದು ನೆಲಕ್ಕೊರಗುತ್ತದೆ. ಉಳಿದವರು ಹಿಂದೆ ಸರಿದರೆ ಹೆಂಗಸೊಬ್ಬರು ಮಾತ್ರ ಸರಸರನೆ ಮುಂದೆ ಹೋಗಿ ಕಾಂಡದ ಸುತ್ತ ಗೇಣು ಹಾಕಿ ಅಳೆಯುತ್ತಾರೆ. ನಾಲ್ಕು ಗೇಣು ದಾಟುತ್ತದೆ. ಅವರ ಹಿಗ್ಗು ಮುಖದಲ್ಲಿ ಹಿಡಿಸುವುದಿಲ್ಲ.

ಇವರು ಕಡ್ಡಿಯಕ್ಕ. ಹೆಸರು ಕೇಳಿ ಸಣಕಲು ಹೆಂಗಸನ್ನು ಹುಡುಕಿದವರು ಬೇಸ್ತು ಬೀಳುತ್ತಾರೆ. ಅಕ್ಕ ನಿಂತರೆ ಬಾಗಿಲು ತುಂಬುತ್ತದೆ. ಹೆಸರು ಬಂದಿದ್ದು ಕೆಲಸದಿಂದ. ಬೇಗ ಬೆಳೆಯುವ ಈ ಮರಕ್ಕೆ ಬೀಜ ಬೇಕಿಲ್ಲ, ರೆಂಬೆಯ ತುಂಡು ನೆಟ್ಟರೆ ಸಾಕು. ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಕ್ಕ ಮತ್ತು ನೆರೆಯ ಹೆಂಗಸರು ದಿನಕ್ಕೆ ಸಾವಿರಕ್ಕೂ ಮೇಲೆ ಕಡ್ಡಿ ಕತ್ತರಿಸಿ, ಮೇಲ್ತುದಿಗೆ ಕೆಂಪು ಬಣ್ಣ ಹಚ್ಚಿ ಕಟ್ಟು ಕಟ್ಟುತ್ತಾರೆ. ನೆಡುವವರಿಗೆ ಆ ಕೆಂಪೇ ಗುರುತು.

ಆರು ವರ್ಷದ ಹಿಂದೆ ಎಡವಟ್ಟಾಗಿದ್ದು ಅಲ್ಲೇ. ದಪ್ಪ ತುದಿ ಬುಡ, ಸಣ್ಣ ತುದಿ ತಲೆ ಎನ್ನುವುದು ಅಕ್ಕನ ಲೆಕ್ಕ. ಆ ಸಲ ಬಂದಿದ್ದು ರೆಂಬೆಯ ನಡುಭಾಗ, ಎರಡೂ ತುದಿ ಒಂದೇ ಗಾತ್ರ. ಗಡಿಬಿಡಿಯಲ್ಲಿ ಬುಡಕ್ಕೆ ಬಣ್ಣ ಬಿತ್ತು. ಈ ಇಡೀ ತೋಪು ತಲೆಕೆಳಗಾಗಿ ನೆಲ ಸೇರಿತು. ಅದು ಅಕ್ಕನ ಕಣ್ಣಿಗೆ ಬಿದ್ದಿದ್ದು ನೀರು ಹಾಯಿಸಲು ಹೋದಾಗ: ಮೊಗ್ಗುಗಳೆಲ್ಲ ಮಣ್ಣಿನ ಕಡೆಗೆ ಮೂತಿ ಮಾಡಿದ್ದವು.

"ಯಾರಿಗೂ ಹೇಳದೆ ಮನೆಗೆ ಹೋಗಿಬಿಡೋಣ ಅನ್ನಿಸ್ತು. ಆದ್ರೆ ಬಣ್ಣ ಹಚ್ಚಿದ ಕೈ ನಂದೇ ಅಲ್ವಾ" ಎನ್ನುತ್ತಾರೆ ಅಕ್ಕ.

ತಾವೇ ಹೋಗಿ ತೋಪಿನ ಮೇಸ್ತ್ರಿಗೆ ಹೇಳಿದರು. ಅವರು ತಲೆ ಮೇಲೆ ಕೈಹೊತ್ತು ಕೂತರು. ಸೋಮವಾರ ಟ್ರ್ಯಾಕ್ಟರ್ ಬಿಟ್ಟು ಉತ್ತುಬಿಡುವುದು, ಕಡ್ಡಿ ಇನ್ನು ಬೇರೆ ಕಡೆಯಿಂದ ತರಿಸುವುದು ಎಂದರು. ಹಾಗಾದರೆ ಶೆಡ್ಡಿಗೆ ಬೀಗ, ಅದನ್ನೇ ನಂಬಿದ ಅಷ್ಟೂ ಹೆಂಗಸರು ಮನೆಗೆ. ಅಕ್ಕ ಕೇಳಿದ್ದು ಒಂದೇ ಮಾತು: "ಭಾನುವಾರದ ತನಕ ಬಿಡಿ."

ಬೇರು ಉದ್ದವಾದ ಮೇಲೆ ಕಿತ್ತರೆ ಕಡ್ಡಿ ಬದುಕುವುದು ಕಷ್ಟ. ಆಗಿನ್ನೂ ಮಣ್ಣಿನೊಳಗಿನ ತುದಿಯಲ್ಲಿ ಬೇರೊಡೆಯುವ ಬಿಳಿ ಗುಳ್ಳೆ ಎದ್ದಿತ್ತಷ್ಟೆ. ಹೆಂಗಸರು ಸಾಲು ಹಿಡಿದು ಒಂದೊಂದೇ ಕಿತ್ತು, ಒದ್ದೆ ಗೋಣಿಯಲ್ಲಿಟ್ಟು, ತಿರುಗಿಸಿ ನೆಟ್ಟರು. ಪಂಪು ರಿಪೇರಿ ಮಾಡುವ ಅಕ್ಕನ ಗಂಡ ಅಂಗಡಿ ಮುಚ್ಚಿ ಬಂದು ನೀರು ಹೊತ್ತರು. ಬುತ್ತಿ ತಂದ ಅತ್ತೆ ಬದುವಿನ ಮೇಲೆ ಕೂತು, "ಮದುವೆ ದಿನ ಸೀರೆ ತಿರುವುಮುರುವು ಉಟ್ಕೊಂಡು ಬಂದಿದ್ಳು, ಇದೇನು ಹೊಸದಾ" ಎಂದು ಎಲ್ಲರನ್ನೂ ನಗಿಸಿದರು. ಅಕ್ಕನೂ ನಕ್ಕರು. ಭಾನುವಾರ ಹೊತ್ತು ಮುಳುಗುವಾಗ ಕೊನೆಯ ಸಾಲು ಮುಗಿಯಿತು, ಸೋಮವಾರ ಟ್ರ್ಯಾಕ್ಟರ್ ಬರಲಿಲ್ಲ.

ಈಗ ಅಕ್ಕ ದಪ್ಪ ಸಣ್ಣ ನೋಡುವುದಿಲ್ಲ. ಪ್ರತಿ ಕಡ್ಡಿಯ ಮೇಲೂ ಹೆಬ್ಬೆರಳು ಜಾರಿಸುತ್ತಾರೆ. ಬುಡದಿಂದ ತಲೆಗೆ ನುಣ್ಣಗೆ ಜಾರುತ್ತದೆ, ಉಲ್ಟಾ ಆದರೆ ಮೊಗ್ಗಿನ ಮೂತಿ ತಡೆಯುತ್ತದೆ. ಹೆಬ್ಬೆರಳು ಜಡ್ಡುಗಟ್ಟಿದೆ.

ಹೊತ್ತೇರುತ್ತಿದ್ದಂತೆ ದಿಮ್ಮಿಗಳು ಪ್ಲೈವುಡ್ ಕಾರ್ಖಾನೆಯ ಲಾರಿ ಏರುತ್ತವೆ. ಕೊಂಬೆ ರೆಂಬೆ ಚೂರುಚೂರಾಗಿ ಅಲ್ಲಿನ ಬಾಯ್ಲರಿಗೆ ಉರುವಲಾಗುತ್ತವೆ. ಮೇಸ್ತ್ರಿ ಈಗ ಹೊಸದಾಗಿ ಗುತ್ತಿಗೆ ಹಿಡಿದ ಹೊಲಗಳಿಗೂ ಅಕ್ಕನ ಕಡ್ಡಿಯೇ ಬೇಕೆಂದು ಹಟ ಹಿಡಿದಿದ್ದಾರೆ. ಶೆಡ್ಡಿಗೆ ಇನ್ನೊಂದು ಅಂಕಣ ಸೇರುತ್ತಿದೆ.

ತೋಪಿನಲ್ಲಿ ನೆಟ್ಟಗೆ ನಿಂತ ಮರಗಳ ಕಡೆ ಕೈ ತೋರಿಸಿ ಅಕ್ಕ ಸೊಂಟಕ್ಕೆ ಸೆರಗು ಸಿಗಿಸುತ್ತಾರೆ.

"ಇದ್ರಲ್ಲಿ ಯಾವ್ದು ತಲೆಕೆಳಗಾಗಿತ್ತು ಅಂತ ಯಾರಾದ್ರೂ ತೋರಿಸ್ಲಿ ನೋಡೋಣ."