ಕೊಟ್ರಮ್ಮನ ಕಂದೀಲು

ಕೊಟ್ರಮ್ಮನ ಅಂಗಳದಲ್ಲಿ ನಿಂತು ‘ಹಣ್ಣು’ ಎಂದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಆಕೆ ಸಾಕಿದ್ದ ಗಿಡದ ತುಂಬ ದೀಪಾವಳಿ ಹೊತ್ತಿಗೆ ಕಿತ್ತಳೆ ಬಣ್ಣದ, ಕಾಗದದಂಥ ಬುಡ್ಡೆಗಳು ಜೋತಾಡುತ್ತಿದ್ದವು. ಪ್ರತಿಯೊಂದರ ಒಳಗೂ ಒಂದು ಕೆಂಪು ಗುಂಡು. ಅದನ್ನು ಹಣ್ಣೆನ್ನದೆ ಇನ್ನೇನೆನ್ನಬೇಕು?

“ಹಣ್ಣು ಅನಬ್ಯಾಡ್ರಿ. ಹಣ್ಣು ಅಂದ್ರ ಕೈ ಬಾಯಿಗೆ ಹೋಗತೈತಿ. ಕಂದೀಲು ಅನ್ರಿ. ಕಂದೀಲು ಯಾರಾರ ತಿಂತಾರೇನು?”

ಹಗರಿಬೊಮ್ಮನಹಳ್ಳಿಯ ರೈಲ್ವೆ ಸ್ಟೇಷನ್ನಿನ ಹಿಂದೆ ಆಕೆಯ ಮನೆ. ಗಂಡ ಇಲ್ಲ, ಮಕ್ಕಳಿಲ್ಲ. ಮುಂದಿನ ಎರಡು ಕೋಣೆಗಳಲ್ಲಿ ನಾನೂ ನನ್ನ ಹೆಂಡತಿ ಸುಮಾಳೂ ಬಾಡಿಗೆಗಿದ್ದೆವು. ನಮಗಿಂತ ಮೊದಲು ಅಲ್ಲಿದ್ದ ಹಿಮಾಚಲದ ಬ್ಯಾಂಕ್ ಹುಡುಗನೊಬ್ಬ ತನ್ನೂರಿನಿಂದ ತಂದ ಬೇರು ನೆಟ್ಟು, ವರ್ಗವಾದಾಗ ಗಿಡವನ್ನು ಆಕೆಗೆ ಬಿಟ್ಟುಹೋಗಿದ್ದ. ಹಸಿರು ಕಾಯಿ ವಿಷ ಎಂದೂ ಹೇಳಿದ್ದನಂತೆ. ಆ ಒಂದು ಮಾತನ್ನು ಕೊಟ್ರಮ್ಮ ನಮಗ್ಯಾರಿಗೂ ಹೇಳಿರಲಿಲ್ಲ.

ಚಳಿನಾಡಿನ ಗಿಡ ನಮ್ಮ ಬಿಸಿಲಿಗೆ ಎಲ್ಲಿ ಬದುಕೀತು? ಆಕೆ ಹಟಕ್ಕೆ ಬಿದ್ದು ಬದುಕಿಸಿದಳು. ಬೇಸಿಗೆಯಲ್ಲಿ ಗಿಡ ಒಣಗಿ ನೆಲ ಸೇರಿದರೆ, ಒಳಗೆ ಬೇರು ಬೇಯದಿರಲೆಂದು ಒದ್ದೆ ಗೋಣಿಚೀಲ ಹೊದಿಸುತ್ತಿದ್ದಳು. ಮುಂಗಾರಿಗೆ ಅದು ಚಿಗುರುವುದೇ ತಡ, ಬೇರು ಮಣ್ಣೊಳಗೇ ಹರಿದು ಗೋಡೆಯಾಚೆ ತಲೆಯೆತ್ತೀತೆಂದು ಸುತ್ತಲೂ ಕಲ್ಲುಚಪ್ಪಡಿ ಹೂಳುವ ಕೆಲಸ. “ಇದನ್ನ ಸಾಕೋದಂದ್ರ ಕಾವಲು ಕಾಯೋದು, ತಮ್ಮಾ” ಎನ್ನುತ್ತಿದ್ದಳು. ಬಣ್ಣ ತಿರುಗಿದ ಬುಡ್ಡೆಗಳನ್ನು ದಂಟಿನ ಸಮೇತ ಕೊಯ್ದು, ತಲೆಕೆಳಗಾಗಿ ತೂಗುಹಾಕಿ ಒಣಗಿಸಿ, ಹಬ್ಬಕ್ಕೆ ಬಾಗಿಲಿಗೆ ಕಟ್ಟುತ್ತಿದ್ದಳು. ಕರೆಂಟಿಲ್ಲದ ಆಕಾಶಬುಟ್ಟಿ ನಮ್ಮ ಓಣಿಯಲ್ಲಿ ಅದೊಂದೇ. ಯಾರು ಕೇಳಿದರೂ ಒಂದು ಬೇರು ಕೊಟ್ಟವಳಲ್ಲ. ಜಿಪುಣಿ ಎಂದು ಓಣಿ ತೀರ್ಮಾನಿಸಿತ್ತು. ನನ್ನದೂ ಅದೇ ತೀರ್ಮಾನ.

ಅದು ಶ್ರಾವಣ. ಗಿಡದಲ್ಲಿ ಬುಡ್ಡೆಗಳಿನ್ನೂ ಹಸಿರು. ಸುಮಾ ನಾಲ್ಕು ತಿಂಗಳ ಬಸುರಿ, ಕಂಡದ್ದೆಲ್ಲ ತಿನ್ನುವ ಆಸೆ. ಅವಳ ತವರು ಕೋಗಳಿ. ಅಲ್ಲಿ ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಬುಡ್ಡಿಹಣ್ಣನ್ನು ಸಿಪ್ಪೆ ಹಿಸಿದು ತಿಂದು ದೊಡ್ಡವಳಾದವಳು. ಆ ಹಣ್ಣಿಗೂ ಈ ಕಂದೀಲಿಗೂ ಮೇಲಿನ ಅಂಗಿ ಒಂದೇ ತರಹ. ಮುದುಕಿ ಹಣ್ಣನ್ನು ಕಂದೀಲೆಂದು ಕರೆಯುವುದು ಯಾರೂ ಪಾಲು ಕೇಳದಿರಲೆಂದೇ ಎಂದು ಅವಳು ತಿಳಿದಿದ್ದಳು.

ಒಂದು ಬೆಳಿಗ್ಗೆ ಕೊಟ್ರಮ್ಮ ನಮ್ಮ ಬಾಗಿಲು ಬಡಿದಳು.

“ಒಂದು ಕಂದೀಲು ಕಮ್ಮಿ ಐತಿ. ಯಾರು ಕಿತ್ತೀರಿ?”

“ನಾನಲ್ಲರಿ ಅಮ್ಮಾ” ಎಂದಳು ಸುಮಾ.

ನನಗೆ ರೇಗಿತು. “ಒಂದು ಕಾಯಿಗೆ ಕಳ್ಳರನ್ನ ಹಿಡಿಯೋರಂಗ ಬರ್ತೀರಲ್ರಿ! ಬಸುರಿ ಹೆಂಗಸಿನ ಮುಂದ ಇದೇನು ಮಾತು?”

ಕೊಟ್ರಮ್ಮ ನನ್ನ ಕಡೆ ತಿರುಗಲಿಲ್ಲ. ಸುಮಾಳ ಹೊಟ್ಟೆಯನ್ನೇ ನೋಡುತ್ತಿದ್ದಳು. ಆಮೇಲೆ ಹೊಸ್ತಿಲ ಬಳಿ ಕುಸಿದು ಕುಳಿತು, ದನಿಯನ್ನು ಬಲವಂತವಾಗಿ ಮೆತ್ತಗೆ ಮಾಡಿಕೊಂಡಳು.

“ಹೋಗ್ಲಿ ಬಿಡವ್ವಾ. ಬಯಕಿ ನಿನಗಾಗದ ನನಗಾಗತೈತೇನು? ಹೆಂಗಿತ್ತು ಅಷ್ಟು ಹೇಳು. ಹುಳಿ ಇತ್ತೋ, ಸಿಹಿ ಇತ್ತೋ?”

ಸುಮಾ ತಲೆ ತಗ್ಗಿಸಿದಳು. “ಕಹಿ ಇತ್ರಿ. ಅರ್ಧ ಉಗುಳಿದೆ.”

“ಅರ್ಧ ನುಂಗಿದಿ?” ಕೊಟ್ರಮ್ಮ ಎದ್ದೇಬಿಟ್ಟಳು. “ತಮ್ಮಾ, ಆಟೋ ತರ್ರಿ. ಅದು ವಿಷ. ಹಸರಿದ್ದಾಗ ವಿಷ!”

ಆಟೋದಲ್ಲಿ ಸುಮಾ ಎರಡು ಸಲ ವಾಂತಿ ಮಾಡಿಕೊಂಡಳು. ಕೊಟ್ರಮ್ಮ ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿ ಹಿಡಿದಿದ್ದಳು. ಡಾಕ್ಟರಿಗೆ ತೋರಿಸಲೆಂದು ಮುರಿದು ತಂದ ಗಿಡದ ರೆಂಬೆ ಮಡಿಲಲ್ಲಿತ್ತು. ಆಸ್ಪತ್ರೆಯಲ್ಲಿ ಸುಮಾಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಒಬ್ಬರೂ ಹೊರಬಂದು ಏನೂ ಹೇಳುತ್ತಿಲ್ಲ. ಹೊರಗಿನ ಬೆಂಚಿನ ಮೇಲೆ ಕೊಟ್ರಮ್ಮನ ಪಕ್ಕ ಕುಳಿತಿದ್ದ ನನಗೆ ತಡೆಯಲಾಗಲಿಲ್ಲ.

“ವಿಷ ಅಂತ ಒಂದು ಮಾತು ಹೇಳಾಕ ಏನಾಗಿತ್ರಿ ನಿಮಗ?” ಎಂದು ಕೂಗಿಬಿಟ್ಟೆ.

“ವಿಷ ಅಂದಿದ್ರ ಮರುದಿನಾನ ಎಲ್ಲಾರೂ ಸೇರಿ ಕೀಳಸ್ತಿದ್ರಿ. ಕಂದೀಲು ಅಂದ್ರ ಸಾಕು ಅನ್ಕೊಂಡೆ.” ಮಡಿಲಿಗಂಟಿದ್ದ ಎಲೆಯೊಂದನ್ನು ಬಿಡಿಸುತ್ತ ಹೇಳಿದಳು: “ಆಸಿ, ತಮ್ಮಾ. ನಂದೂ ಅಂತ ಅದೊಂದ ಇತ್ತು.”

ಸಂಜೆ ಹೊತ್ತಿಗೆ ನರ್ಸ್ ನನ್ನನ್ನು ಒಳಗೆ ಕರೆದು ಮಗುವಿನ ಎದೆಬಡಿತ ಕೇಳಿಸಿದಳು. ಏನೂ ಆಗಿಲ್ಲ, ಒಂದು ರಾತ್ರಿ ಇಲ್ಲೇ ಇರಲಿ ಎಂದಳು. ಹೊರಬಂದು ಸುದ್ದಿ ಹೇಳಿದಾಗ ಕೊಟ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನನಗೂ ಅಳು ಬಂತು. ಆದರೂ ಆಕೆಯ ಮೇಲಿನ ಸಿಟ್ಟು ಇಳಿದಿರಲಿಲ್ಲ.

ಮರುದಿನ ನಾವು ಮನೆಗೆ ಬಂದಾಗ ಆಕೆ ಗುದ್ದಲಿ ಹಿಡಿದು ಮೂಲೆಯನ್ನು ಅಗೆಯುತ್ತಿದ್ದಳು. ತಾನೇ ಹೂತಿದ್ದ ಚಪ್ಪಡಿಗಳನ್ನು ಕಿತ್ತು ಪಕ್ಕಕ್ಕಿಟ್ಟಿದ್ದಳು. ಬೇರುಗಳೆಲ್ಲ ಬಿಸಿಲಿಗೆ ಬಿದ್ದಿದ್ದವು.

“ಒಂದು ಕುಂಡದಾಗರ ಇಡ್ರಿ ಅಮ್ಮಾ” ಎಂದಳು ಸುಮಾ, ಆಟೋ ಇಳಿದವಳೇ.

“ಇಲ್ಲವ್ವಾ” ಎಂದಳೇ ಹೊರತು ಅಗೆಯುವುದನ್ನು ನಿಲ್ಲಿಸಲಿಲ್ಲ.

ಆದರೆ ಆ ಬೇರು ಅಷ್ಟು ಸುಲಭಕ್ಕೆ ಸಾಯುವಂಥದ್ದಲ್ಲ. ನಮ್ಮ ಮಗಳು ಹುಟ್ಟಿ, ಕೊಟ್ರಮ್ಮನ ತೊಡೆಯ ಮೇಲೆಯೇ ಬೆಳೆದು, ಓಡಾಡುವಂತಾದ ಮೇಲೂ ಪ್ರತಿ ಮುಂಗಾರಿನಲ್ಲಿ ಆಕೆ ಆ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಹೊಸ ಚಿಗುರು ಕೀಳುತ್ತಿದ್ದಳು. ಬೆಳೆಸುವಾಗ ಎಷ್ಟು ಶ್ರದ್ಧೆಯಿತ್ತೋ ಕೀಳುವಾಗಲೂ ಅಷ್ಟೇ ಇತ್ತು. ಆಕೆಯ ಬಾಗಿಲಿಗೆ ಮತ್ತೆ ಕಂದೀಲು ಕಟ್ಟಲಿಲ್ಲ. ಮತ್ತೊಂದು ಗಿಡವನ್ನೂ ಆಕೆ ನೆಡಲಿಲ್ಲ.

ಕಳೆದ ಬೇಸಿಗೆಯಲ್ಲಿ ಕೊಟ್ರಮ್ಮ ತೀರಿಕೊಂಡಳು. ಈ ಮಳೆಗಾಲಕ್ಕೆ ಚಿಗುರು ಕೀಳುವವರಿರಲಿಲ್ಲ. ಮೊನ್ನೆ ಮಗಳು ಆ ಮೂಲೆಯಿಂದ ಕೂಗಿದಳು: “ಅಪ್ಪಾ, ಹಣ್ಣು!”

ನನಗಿಂತ ಮೊದಲು ಸುಮಾ ಓಡಿದಳು. ಮಗಳ ಎರಡೂ ಕೈ ಹಿಡಿದುಕೊಂಡು, “ಹಣ್ಣಲ್ಲವ್ವಾ, ಕಂದೀಲು” ಎಂದಳು. ಹಾಗೆಂದವಳು ತಟ್ಟನೆ ನಿಂತು ನನ್ನ ಮುಖ ನೋಡಿದಳು. ಆಮೇಲೆ, “ವಿಷ ಐತಿ. ಮುಟ್ಟಬಾರದು” ಎಂದು ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು.

“ಹಂಗಾದ್ರ ಕಿತ್ತು ಬಿಡಾಣೇನಮ್ಮಾ?” ಎಂದಳು ಮಗಳು.

ಸುಮಾ ಇದ್ದಿಲು ತಂದು ಗೋಡೆಯ ಮೇಲೆ ‘ವಿಷ’ ಎಂದು ದೊಡ್ಡದಾಗಿ ಬರೆದಳು. ಕೊಟ್ರಮ್ಮ ಕಿತ್ತಿಟ್ಟಿದ್ದ ಚಪ್ಪಡಿಗಳು ಅಲ್ಲೇ ಬಿದ್ದಿದ್ದವು. ಒಂದನ್ನು ಎತ್ತಿ ಗಿಡದ ಬುಡದ ಹತ್ತಿರ ತಂದಳು.

“ಬ್ಯಾಡ. ದೀಪಾವಳಿತನಕ ಕಾವಲು ಕಾಯಾಣು. ಕೊಟ್ರಮ್ಮನ ಬಾಗಿಲಿಗೆ ಕಟ್ಟಬೇಕು.”

ನಾನು ಇನ್ನೊಂದು ಚಪ್ಪಡಿ ಎತ್ತಿಕೊಂಡೆ.