ಎರಡು ನಿಮಿಷ ಸುಮ್ಮನೆ

ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಮೊದಲ ಪೀರಿಯಡ್ಡಿಗೆ ತಡವಾಗುತ್ತದೇನೋ ಎಂದು ಆಗಷ್ಟೇ ಗಡಿಯಾರ ನೋಡಿಕೊಂಡಿದ್ದರಿಂದ ಆ ಹೊತ್ತು ಮರೆತಿಲ್ಲ. ಹೊಳೆನರಸೀಪುರ ಇನ್ನೂ ಆರೇಳು ಕಿಲೋಮೀಟರ್ ಇತ್ತು. ನಮ್ಮ ವ್ಯಾನು ಒಂದು ಏರನ್ನು ಹತ್ತಿ ಮುಗಿಸಿತು. ಡ್ರೈವರ್ ಆಕ್ಸಿಲರೇಟರಿನಿಂದ ಕಾಲು ತೆಗೆದ. ಎಂಜಿನ್ನಿನ ಸದ್ದು ಇಳಿಯಬೇಕಿತ್ತು, ಏರತೊಡಗಿತು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿದ್ದ ಕಾಲ. ಹಾಸನದಲ್ಲಿ ಮನೆ, ಹೊಳೆನರಸೀಪುರದಲ್ಲಿ ಕೆಲಸ ಇದ್ದ ಎಂಟು ಮಂದಿ ದಿನವೂ ಆ ಡೀಸೆಲ್ ವ್ಯಾನಿನಲ್ಲಿ ಹೋಗಿ ಬರುತ್ತಿದ್ದೆವು. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ವ್ಯಾನಿನ ಮಾಲೀಕನೇ ಡ್ರೈವರ್. ದಂಡಿಗನಹಳ್ಳಿ ಕಡೆಯವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು.

ಇದಕ್ಕೆ ನಾಲ್ಕು ತಿಂಗಳ ಮೊದಲು ವ್ಯಾನಿನ ಟರ್ಬೊ ಕೆಟ್ಟಿತ್ತು. ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಣ್ಣ ಚಕ್ರ ಅದು. ಅದಿಲ್ಲದೆ ವ್ಯಾನು ಏರು ಹತ್ತುತ್ತಿರಲಿಲ್ಲ. ಚನ್ನರಾಯಪಟ್ಟಣದ ಮೆಕ್ಯಾನಿಕ್, "ಕಂಪನಿಯದೇ ಹಾಕ್ಸು" ಎಂದಿದ್ದ. ನಮ್ಮ ಡ್ರೈವರ್ ಬೆಂಗಳೂರಿಗೆ ಹೋಗಿ, ಅದರ ಮೂರರಲ್ಲಿ ಒಂದು ಪಾಲಿನ ಬೆಲೆಗೆ, ಹೆಸರಿಲ್ಲದ ಡಬ್ಬದಲ್ಲಿದ್ದ ಒಂದನ್ನು ತಂದ. ಡಬ್ಬದೊಳಗೊಂದು ಇಂಗ್ಲಿಷ್ ಚೀಟಿ ಇತ್ತು.

"ಮೇಡಂ, ನೀವು ಓದ್ದೋರು. ಏನ್ ಬರ್ದವ್ರೆ ಒಸಿ ನೋಡಿ."

ಹರಕುಮುರುಕು ಇಂಗ್ಲಿಷು. ಬೋಲ್ಟು, ಆಯಿಲ್ ಎಂದು ಏನೇನೋ ಇತ್ತು. ಅದೆಲ್ಲ ಮೆಕ್ಯಾನಿಕ್ಕಿಗೆ ಗೊತ್ತಿರುತ್ತದೆ ಎಂದು ಹಾರಿಸಿದೆ. ಓಡಿಸಿದ ಮೇಲೆ ಎಂಜಿನ್ನನ್ನು ಎರಡು ನಿಮಿಷ 'ಐಡಲ್' ಇಡಬೇಕು ಎಂಬುದು ಕೊನೆಯ ಸಾಲು. ನಾನು ಕನ್ನಡ ಎಂ.ಎ. ಇಂಗ್ಲಿಷ್ ಪದವೊಂದನ್ನು ಹಾಗೇ ಹೇಳುವುದು ನನಗೆ ಸೋಮಾರಿತನ ಎನಿಸುತ್ತಿತ್ತು.

"ಓಡಿಸಿದ ಮೇಲೆ ಎಂಜಿನ್ನನ್ನ ಎರಡು ನಿಮಿಷ ಸುಮ್ಮನೆ ಬಿಡಬೇಕಂತಪ್ಪ" ಎಂದೆ.

"ಸುಮ್ನೆ ಅಂದ್ರೆ, ರೆಸ್ಟಾ?"

"ಹೂಂ, ವಿಶ್ರಾಂತಿ."

"ಸರಿ ಬುಡಿ. ಎತ್ಗೂ ಬೇಕು, ಎಂಜಿನ್ಗೂ ಬೇಕು."

ಅಂದಿನಿಂದ ಊರು ಮುಟ್ಟಿದ ಕೂಡಲೇ ಎಂಜಿನ್ ಆಫ್ ಮಾಡಿ, ಎರಡು ನಿಮಿಷ ಕಳೆಯುವವರೆಗೆ ಮತ್ತೆ ಕೀ ಮುಟ್ಟುತ್ತಿರಲಿಲ್ಲ. "ಮೇಡಂ ಹೇಳವ್ರೆ" ಎಂದು ಎಲ್ಲರಿಗೂ ಹೇಳುತ್ತಿದ್ದ. ನನಗೆ ಹೆಮ್ಮೆ.

ಆ ಬೆಳಿಗ್ಗೆ ಅವನು ಕ್ಲಚ್ ತುಳಿದು, ಗೇರು ತೆಗೆದು, ಬ್ರೇಕ್ ಹಾಕಿ, ವ್ಯಾನನ್ನು ರಸ್ತೆ ಪಕ್ಕಕ್ಕೆ ತಂದ. ಗಾಲಿಗಳು ನಿಂತವು, ಎಂಜಿನ್ ಕಿರುಚತೊಡಗಿತು. ಕೀ ತಿರುಗಿಸಿ ಹೊರಗೇ ಎಳೆದುಬಿಟ್ಟ. ಕೀ ಅವನ ಕೈಯಲ್ಲಿತ್ತು, ಎಂಜಿನ್ ನಿಲ್ಲಲಿಲ್ಲ. ಹಿಂದೆ ಹೊಗೆ ರಸ್ತೆಯನ್ನೇ ಮುಚ್ಚಿತ್ತು. "ಇಳೀರಿ, ಎಲ್ಲಾ ಇಳೀರಿ!" ಎಂದು ಕೂಗಿದ. ಟಿಫನ್ ಡಬ್ಬಿ, ಚೀಲ, ಚಪ್ಪಲಿ ಬಿಟ್ಟು ಹೊಲದ ಬದುವಿನ ಕಡೆ ಓಡಿದೆವು.

ಟರ್ಬೊದಲ್ಲಿ ಆಯಿಲ್ ತಡೆಯುವ ಸೀಲು ಹೋಗಿ, ಎಂಜಿನ್ ಆಯಿಲ್ಲೇ ಒಳಗೆ ನುಗ್ಗಿ ಡೀಸೆಲ್ಲಿನಂತೆ ಉರಿಯುತ್ತಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಆಗ ಕೀಯಿಂದ ಏನೂ ಆಗುವುದಿಲ್ಲ. ಒಳಹೋಗುವ ಗಾಳಿಯನ್ನು ತಡೆದರೆ ಎಂಜಿನ್ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಬಾನೆಟ್ ಎತ್ತಿ, ಗಾಳಿಯ ರಬ್ಬರ್ ಪೈಪನ್ನು ಕಿತ್ತು, ಹೆಗಲ ಮೇಲಿನ ಟವೆಲನ್ನು ಟರ್ಬೊದ ಬಾಯಿಗೆ ತುರುಕಿದ. ಅದು ಟವೆಲನ್ನು ಎಳೆದುಕೊಂಡಿತು. ಜೊತೆಗೆ ಎಡಗೈಯನ್ನೂ.

ಹಿಂದೆ ಬಂದ ಲಾರಿಯ ಡ್ರೈವರ್ ಓಡಿಬಂದು ವ್ಯಾನು ಹತ್ತಿದ. ಟಾಪ್ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟ. ವ್ಯಾನು ಒಮ್ಮೆ ಜಗ್ಗಿ ಸತ್ತಿತು. "ಕ್ಲಚ್ ತುಳೀಬಾರ್ದಾಗಿತ್ತು ಕಣ್ಲಾ, ಗೇರಲ್ಲೇ..." ಎನ್ನುತ್ತ ಕೆಳಗಿಳಿದವನು ಆ ಕೈ ನೋಡಿ, ನಮ್ಮ ಡ್ರೈವರನ್ನೂ ನನ್ನನ್ನೂ ಲಾರಿಗೆ ಹತ್ತಿಸಿಕೊಂಡ. ನನ್ನ ಸೆರಗಿನಲ್ಲಿ ಅದನ್ನು ಸುತ್ತಿ, ಆಸ್ಪತ್ರೆಯವರೆಗೆ ಹಿಡಿದುಕೊಂಡಿದ್ದೆ.

ಎರಡು ಬೆರಳು ಅರ್ಧಕ್ಕೆ ಹೋಗಿದ್ದವು. ಎಡಗೈ, ಗೇರ್ ಹಾಕುವ ಕೈ. ಅವನ ಹೆಂಡತಿ ಡಾಕ್ಟರನ್ನು ಕೇಳಿದ್ದು ಒಂದೇ ಮಾತು: "ಇನ್ನು ಗಾಡಿ ಓಡಿಸ್ಬೋದಾ ಸಾ?" ಅವರು, "ನೋಡೋಣಮ್ಮ" ಎಂದರು.

ಮೂರನೆಯ ದಿನ ಮೆಕ್ಯಾನಿಕ್ ಆಸ್ಪತ್ರೆಗೆ ಬಂದ. ಬಿಚ್ಚಿದ ಟರ್ಬೊ ಅವನ ಚೀಲದಲ್ಲಿತ್ತು.

"ನೋಡು, ಶಾಫ್ಟು ಹೆಂಗೆ ಅಲ್ಲಾಡ್ತೈತೆ. ಕಾದಿರೋವಾಗ ಆಯಿಲ್ ಸಿಗದೆ ಸವ್ದೋಗೈತೆ. ಐಡ್ಲಿಂಗ್ ಬುಡ್ತಿದ್ದೇನ್ಲಾ?"

"ಇಲ್ಲ ಕಣಣ್ಣ. ಆಫ್ ಮಾಡಿ ರೆಸ್ಟ್ ಕೊಡ್ತಿದ್ದೆ, ದಿನಾ ಎರಡ್ ನಿಮಿಷ."

"ಆಫ್ ಮಾಡಿ ಕೊಟ್ರೆ ಏನ್ ಬಂತಲಾ? ಆನಲ್ಲಿ ಇಟ್ಟು ನಿಧಾನಕ್ಕೆ ತಿರುಗಕ್ಕೆ ಬುಡ್ಬೇಕು. ಆಯಿಲ್ ಓಡಾಡಿ ತಣ್ಣಗಾಗ್ಬೇಕು." ಆಮೇಲೆ ಅವನೇ, "ಸರಿಯಾಗಿ ಬುಟ್ಟಿದ್ರೂ ಈ ಮಾಲು ಎಷ್ಟ್ ದಿನ ಬತ್ತಿತ್ತೋ ಯಾರ್ ಕಂಡೋರು" ಎಂದ.

ಮಂಚದ ಪಕ್ಕದಲ್ಲಿ ನಿಂತಿದ್ದ ನನಗೆ ಆ ಚೀಟಿಯ ಕೊನೆಯ ಸಾಲು ಕಣ್ಣಿಗೆ ಕಟ್ಟಿತು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಂದೆ.

ಆಮೇಲಿನ ತಿಂಗಳುಗಳಲ್ಲಿ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ರಾತ್ರಿಗೆ ಎರಡು ಮೂರು ಸಲ ಎಚ್ಚರವಾಗುತ್ತಿತ್ತು. ಹಗಲು ಮಿಕ್ಸಿ ಹಾಕಲು ಧೈರ್ಯ ಬರುತ್ತಿರಲಿಲ್ಲ. ಚಟ್ನಿಯನ್ನು ಒರಳಲ್ಲೇ ರುಬ್ಬುತ್ತಿದ್ದೆ. ಏರು, ಹೊಗೆ, ಕೀ, ಟವೆಲು ಎಲ್ಲ ಅದೇ ಸಾಲಿನಲ್ಲಿ ಮತ್ತೆ ಬರುತ್ತಿತ್ತು. ನಡುವೆ ಅರಕಲಗೂಡಿನಿಂದ ಬಂದಿದ್ದ ನನ್ನ ಭಾವ, ತಮ್ಮ ಜೀಪಿಗೂ ಅಗ್ಗದ ಟರ್ಬೊ ಹಾಕಿಸುತ್ತೇನೆ ಎಂದರು. ಬೇಡವೇ ಬೇಡ ಎಂದು ಜಗಳವಾಡಿದೆ. "ಎಷ್ಟೋ ಜನ ಹಾಕ್ಸವ್ರೆ, ಎಲ್ಲಾರ್ದೂ ಅಂಗಾಗ್ತದಾ?" ಎಂದು ಕೇಳಿದರು. ಆ ಮಾಲಿನ ತಪ್ಪೆಷ್ಟು, ನನ್ನ ತಪ್ಪೆಷ್ಟು ಎಂಬುದು ಗೊತ್ತಿದ್ದರಲ್ಲವೇ ಉತ್ತರ ಕೊಡುವುದು? ಈಗಲೂ ಯಾರಾದರೂ ಕೇಳಿದರೆ ಬೇಡ ಎಂದೇ ಹೇಳುತ್ತೇನೆ. ಉಳಿಯುವ ದುಡ್ಡಿನ ಆಸೆಗೆ ಆ ಸದ್ದನ್ನು ಯಾರೂ ಕೇಳಬಾರದು. ಆದರೆ ಹಾಗೆ ಹೇಳುವಾಗ ಪೂರ್ತಿ ಸತ್ಯ ಹೇಳಿದಂತೆ ಅನಿಸುವುದಿಲ್ಲ.

ಐದು ತಿಂಗಳ ನಂತರ, ಒಂದು ಭಾನುವಾರ ಅವನ ಮನೆಗೆ ಹೋದೆ. ಅವನ ಹೆಂಡತಿ ಕಾಫಿ ಕೊಟ್ಟಳು. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ.

ಅವನು ತನ್ನ ಎಡಗೈ ನೋಡಿಕೊಂಡ. "ಐಡಲ್ ಅಂತ್ಲೇ ಬರ್ದಿತ್ತಾ?"

"ಹೂಂ."

"ಅಂಗೇ ಓದಿದ್ರೆ ಆಗ್ತಿತ್ತಲ್ಲ ಮೇಡಂ! ಐಡ್ಲಿಂಗ್ ಗೊತ್ತಿಲ್ದೆ ಇರೋ ಡ್ರೈವರ್ ಯಾವನವ್ನೆ? ನನ್ಗೆ ಅರ್ಥ ಆಗೋ ಮಾತ ನೀವ್ಯಾಕೆ ಅರ್ಥ ಮಾಡ್ಸಕ್ಕೋದ್ರಿ?"

"ಮನೆಗ್ ಬಂದೋರ್ಗೆ ಅಂಗಾ ಅನ್ನೋದು?" ಎಂದಳು ಹೆಂಡತಿ.

"ನೀನ್ ಸುಮ್ಕಿರು. ಐದ್ ತಿಂಗ್ಳಿಂದ ಆ ಅಂಗ್ಡಿಯೋನ್ನ ಬೈಕಂಡು ಕುಂತಿವ್ನಿ. ಈಗ ಅರ್ಧ ಬೈಗ್ಳ ವಾಪಸ್ ತಕಬೇಕಾ?"

ನಾನು ಅತ್ತೆ. ಅವನು ಎದ್ದು ಹೋಗಿ ವ್ಯಾನು ತೆಗೆದ. ಈಗ ಅದರೊಳಗೆ ಕಂಪನಿಯ ಟರ್ಬೊ ಇತ್ತು. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟ. ಗೇರನ್ನು ಅಂಗೈಯ ಬುಡದಿಂದ ತಳ್ಳುತ್ತಿದ್ದ. ಎರಡು ಸಲ ಕರಕರ ಎಂದಿತು, ಆಮೇಲೆ ಕೂತಿತು. ನಾನು ಇಳಿದ ಮೇಲೆ, "ಹಾಸನದ ಬಸ್ಸು ಆ ಕಡೆ ನಿಲ್ತದೆ" ಎಂದಷ್ಟೇ ಹೇಳಿ ಹೊರಟ.

ಮನೆಗೆ ಬಂದು ಊಟ ಮಾಡಿ ಒಂಬತ್ತಕ್ಕೇ ಮಲಗಿದೆ. ಕಣ್ಣು ಬಿಟ್ಟಾಗ ಬಿಸಿಲು ಗೋಡೆಗೆ ಬಂದಿತ್ತು. ನಮ್ಮೆಜಮಾನರು ಕಾಫಿ ಮಾಡಿ, ಮುಚ್ಚಿಟ್ಟು, ಕೆಲಸಕ್ಕೆ ಹೋಗಿದ್ದರು. ಸೋಮವಾರ. ಹೊಳೆನರಸೀಪುರದ ನನ್ನ ಬಸ್ಸು ತಪ್ಪಿಹೋಗಿತ್ತು.