ನಾನು ನೆಟ್ಟ ಕರಿಕೆ

ಗಾಲ್ಫ್ ಕೋಲನ್ನು ನಾನು ಇವತ್ತಿನವರೆಗೆ ಕೈಯಲ್ಲಿ ಹಿಡಿದವನಲ್ಲ. ಆದರೂ ಬೀದರಿನಿಂದ ಭಾಲ್ಕಿಗೆ ಹೋಗುವಾಗ ಹಲಬರ್ಗಾದ ಹತ್ತಿರ ಬಸ್ಸಿನ ಕಿಟಕಿಯಲ್ಲಿ ಏಕಾಏಕಿ ಕಾಣುವ ಆ ಹಸಿರು ಮೈದಾನದಲ್ಲಿ ನನ್ನ ಕೈವಾಡವಿದೆ. ಕೊಡುಗೆ ಎಂದು ಬರೆಯಹೊರಟೆ, ಪೆನ್ನು ಒಪ್ಪಲಿಲ್ಲ. ಸುತ್ತಲೂ ಉದ್ದು, ಹೆಸರು, ತೊಗರಿಯ ಕರಿ ಹೊಲಗಳು. ನಡುವೆ ಮದುವೆಮನೆಯವರು ಹಾಸಿದ ಜಮಖಾನೆಯನ್ನು ಮಡಚಲು ಮರೆತು ಹೋದಂತೆ ಈ ಹಸಿರು. ಬಸ್ಸಿನಲ್ಲಿ ಕೂತವರು ಅದು ಬೀಜೋತ್ಪಾದನಾ ಕೇಂದ್ರವೆಂದೂ, ಮಂತ್ರಿಗಳ ಹೆಲಿಕಾಪ್ಟರ್ ಇಳಿಯುವ ಜಾಗವೆಂದೂ ಮಾತಾಡಿಕೊಳ್ಳುತ್ತಾರೆ. ನಾನು ಮಾತ್ರ ಆ ಜಾಗ ಬಂದಾಗ ಇನ್ನೊಂದು ಬದಿಯ ಕಿಟಕಿಯತ್ತ ಮುಖ ಮಾಡುತ್ತೇನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಅರ್ಧ ಆಯುಷ್ಯ ಔರಾದ್ ತಾಲ್ಲೂಕಿನಲ್ಲಿ, ಉಳಿದರ್ಧ ಭಾಲ್ಕಿಯಲ್ಲಿ. ಆ ಮೂವತ್ತು ವರ್ಷವೂ ನನಗಿದ್ದದ್ದು ಒಬ್ಬನೇ ವೈರಿ, ಕರಿಕೆ. ನೀವು ಗರಿಕೆ ಎನ್ನುತ್ತೀರಿ. ನಮ್ಮ ಕಡೆ ಬಾಯಲ್ಲಿ ಕರಕಿ, ಮಹಾರಾಷ್ಟ್ರದ ಗಡಿಗೆ ಸರಿದರೆ ಹರಾಳಿ. ಸಂಕಷ್ಟಿ ಬಂದರೆ ನನ್ನ ಹೆಂಡತಿ ಗಣಪತಿಗೆಂದು ಇಪ್ಪತ್ತೊಂದು ಎಳೆ ಹುಡುಕಿಕೊಂಡು ಓಣಿ ಸುತ್ತುತ್ತಾಳೆ. ದೇವರ ತಲೆಯ ಮೇಲೆ ಅದು ಪವಿತ್ರ, ನಿಜ. ಕರಿ ನೆಲದ ಹೊಲದೊಳಗೆ ಒಮ್ಮೆ ಕಾಲಿಟ್ಟರೆ ಮಾತ್ರ ಮೂರು ತಲೆಮಾರಿಗೂ ಬಿಡುವುದಿಲ್ಲ. ಮೇಲೆ ಕಿತ್ತರೆ ಕೆಳಗೆ ಉಳಿಯುತ್ತದೆ. ಒಂದು ಗೆಣ್ಣು ಉಳಿದರೂ ಸಾಕು, ಮಳೆಗಾಲಕ್ಕೆ ಮತ್ತೆ ಎದ್ದು ಕೂರುತ್ತದೆ. ಎಕಂಬಾದ ಗುಡಿಯ ಕಟ್ಟೆಯ ಮೇಲೆ ಕರಿಕೆಯ ಬೇರಿನ ದೊಡ್ಡ ಚಿತ್ರಪಟ ತೂಗುಹಾಕಿ ನಾನು ಭಾಷಣ ಮಾಡುತ್ತಿದ್ದೆ. ಹಿಂದೆ ಕೂತಿದ್ದ ಅಜ್ಜನೊಬ್ಬ ಆ ಕವಲುಗಳನ್ನೆಲ್ಲ ಬಹಳ ಹೊತ್ತು ನೋಡಿ, ಈ ರೈಲು ಔರಾದಿಗೆ ಯಾವಾಗ ಬರುತ್ತದೆ ಎಂದು ಕೇಳಿದ್ದ. ನಾನು ನಗದೆ, ಕರಿಕೆ ನೆಲದೊಳಗೆ ಹ್ಯಾಗೆ ಪ್ರಯಾಣ ಮಾಡುತ್ತದೆ ಎಂಬುದನ್ನು ಇನ್ನೊಮ್ಮೆ ವಿವರಿಸಿದ್ದೆ.

ಇಷ್ಟೆಲ್ಲ ತಿಳಿದವನು ನಾನು. ಇದನ್ನು ಗಮನದಲ್ಲಿಟ್ಟುಕೊಂಡು ಮುಂದೆ ಓದಿ.

ನಿವೃತ್ತಿಯಾದ ಮೇಲೆ ಬೀದರಿನ ಮನೆಯಲ್ಲಿ ಪೇಪರನ್ನು ಮೊದಲಿನಿಂದ ಕೊನೆಗೆ, ಆಮೇಲೆ ಕೊನೆಯಿಂದ ಮೊದಲಿಗೆ ಓದುತ್ತಿದ್ದ ದಿನಗಳಲ್ಲಿ ಹಲಬರ್ಗಾದ ಹತ್ತಿರ ಹೊಸ ಲೇಔಟು ಹಾಕುತ್ತಿದ್ದ ಮಾಲೀಕನೊಬ್ಬ ಹುಡುಕಿಕೊಂಡು ಬಂದ. ಹೈದರಾಬಾದಿನಲ್ಲಿ ಎಲ್ಲೋ ಗಾಲ್ಫ್ ನೋಡಿ ಬಂದಿದ್ದನಂತೆ. ನಡುವೆ ಮೈದಾನ, ಸುತ್ತ ಬಂಗಲೆಗಳು, ಬೆಳಿಗ್ಗೆ ಚಹಾ ಕುಡಿಯುತ್ತ ಕಿಟಕಿಯಿಂದ ಹಸಿರು ನೋಡುವುದು, ಇದು ಅವನ ಕನಸು. ಒಂಬತ್ತು ಕುಳಿ ಎಂದು ಬೋರ್ಡು ಹಾಕಿದ್ದ. ಆರು ಆದವು, ಮೂರು ಎರಡನೆಯ ಹಂತಕ್ಕೆ ಹೋದವು. ಹುಲ್ಲು ಬೆಳೆಸಲು ತಿಳಿದವರೊಬ್ಬರು ಬೇಕು, ನಿಮ್ಮಷ್ಟು ತಿಳಿದವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ ಎಂದ. ನಿವೃತ್ತನಾದವನ ಮುಂದೆ ಆಡಬಾರದ ಮಾತು ಅದು. ನಾನು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದೆ.

ಸೈಟು ಮಾರಲು ಅವನ ಜೊತೆ ನಾನೂ ಭಾಲ್ಕಿಯ ಗಂಜಿಗೆ, ಅಂದರೆ ಧಾನ್ಯದ ಪೇಟೆಗೆ, ಹೋಗಿದ್ದುಂಟು. ಅಲ್ಲಿ ಹಿರಿಯ ಬೇಳೆ ವ್ಯಾಪಾರಿಯೊಬ್ಬರು ಗಾದಿಯ ಮೇಲೆ ಒರಗಿ ಗಾಲ್ಫಿನ ವಿವರಣೆಯನ್ನು ತಾಳ್ಮೆಯಿಂದ ಕೇಳಿದರು. ಚೆಂಡನ್ನು ದೂರದ ಕುಳಿಗೆ ಹೊಡೆಯುವುದು. ಆಮೇಲೆ? ಕುಳಿಯಿಂದ ತೆಗೆಯುವುದು. ಆಮೇಲೆ? ಇನ್ನೊಂದು ಕುಳಿಗೆ ಹೊಡೆಯುವುದು. ಎಲ್ಲ ಮುಗಿದ ಮೇಲೆ ಹೊರಟ ಜಾಗಕ್ಕೇ ಬರುವುದು. ಬರುವಾಗ ಕೈಯಲ್ಲಿ ಏನಿರುತ್ತದೆ ಎಂದರು ಅವರು. ಅದೇ ಚೆಂಡು ಎಂದೆ ನಾನು. ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. ಸೈಟನ್ನು ಮಾತ್ರ ಎರಡು ಹಿಡಿದರು, ರಸ್ತೆಗೆ ಹತ್ತಿರವಿತ್ತು.

ಹುಲ್ಲಿನ ವಿಷಯ ಕಲಿಯಲು ಮಾಲೀಕ ನನ್ನನ್ನು ಎರಡು ದಿನ ಹೈದರಾಬಾದಿಗೆ ಕಳಿಸಿದ. ಗಾಲ್ಫಿನ ಹುಲ್ಲು ಯಾವುದೋ ವಿಲಾಯತಿ ಸಂತಾನ ಇರಬೇಕು ಎಂದುಕೊಂಡು ಹೋದವನಿಗೆ ಅಲ್ಲಿ ಟ್ರೇಯಲ್ಲಿ ತೋರಿಸಿದ್ದು ಏನು ಗೊತ್ತೆ? ನಮ್ಮ ಕರಿಕೆಯ ತಮ್ಮ. ಒಂದಿಷ್ಟು ಓದಿಕೊಂಡಿದ್ದ, ಮೈ ನುಣುಪಾಗಿತ್ತು, ತಳಿ ಸುಧಾರಿಸಿದ್ದರು, ಹೆಸರು ಇಂಗ್ಲಿಷಿನಲ್ಲಿತ್ತು. ರಕ್ತ ಮಾತ್ರ ಅದೇ. ಇದಕ್ಕೆ ಬೀಜವಾಗುವುದಿಲ್ಲ ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳಿದರು. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ಲಾರಿಯಲ್ಲಿ ಹುಲ್ಲು ಬಂತು. ನೆಲ ಹದ ಮಾಡಲು ಬಂದವನು ಹಲಬರ್ಗಾದ ಟ್ರ್ಯಾಕ್ಟರ್ ಇಸ್ಮಾಯಿಲ್. ಒಂದು ಎಳೆ ಎತ್ತಿ ಹಲ್ಲಿನಲ್ಲಿ ಕಡಿದು ನೋಡಿ, "ಸಾಬ್, ನಮ್ಮ ಅಬ್ಬಾ ಜಿಂದಗಿ ಪೂರಾ ಇದನ್ನ ತೆಗಿಲಿಕ್ಕೇ ಕಳದ್ರು. ನಾ ಹಚ್ಲಿಕ್ಕೆ ಬಂದೇನಿ" ಎಂದ. ನಾನು ಅವನಿಗೂ ಬೀಜವಿಲ್ಲದ ಸಂಗತಿ ಹೇಳಿದೆ. ಆಗ ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದೆ.

ನಮ್ಮ ನೆಲಕ್ಕೆ ಚೆಂಡಾಟ ಹೊಸದಲ್ಲ, ಬೀದರ್ ಕೋಟೆಯ ಸುಲ್ತಾನರು ಕುದುರೆ ಏರಿ ಚೌಗಾನ್ ಆಡಿರಲೂಬಹುದು ಎಂದು ಉದ್ಘಾಟನೆಯ ದಿನ ನಾನು ಮೈಕಿನಲ್ಲಿ ಹೇಳಿದೆ. ಆಡಿದ್ದರೋ ಇಲ್ಲವೋ, ನೋಡಲು ಹೋದವನು ನಾನಲ್ಲ. ಆದರೆ ಅವರು ಆಡಿದ್ದರೆ ಕೋಟೆಯ ಮಗ್ಗುಲಿನ ಗಟ್ಟಿ ಕೆಂಪು ನೆಲದ ಮೇಲೆ ಆಡಿರುತ್ತಾರೆ, ಬೇಸಿಗೆಯಲ್ಲಿ ಬಾಯಿ ಬಿಡುವ ಕರಿ ನೆಲದ ಮೇಲಲ್ಲ. ಅವತ್ತು ಮುಖ್ಯ ಅತಿಥಿ ಹೊಡೆದ ಮೊದಲನೆಯ ಚೆಂಡು ಹುಲ್ಲು ದಾಟಿ ಉರುಳಿ, ಅಂಚಿನ ಒಂದು ಬಿರುಕಿನೊಳಗೆ ಇಳಿದು ಹೋಯಿತು. ಕೋಲು ಹಾಕಿ ಕೆದಕಿದರು, ಟಾರ್ಚು ಬಿಟ್ಟರು. ಭೂಮಿತಾಯಿ ನುಂಗಿದ್ದನ್ನು ಕೊಡಲಿಲ್ಲ. ಫೋಟೋ ಮಾತ್ರ ಚೆನ್ನಾಗಿ ಬಂತು.

ಇನ್ನು ಶಾಂತಾಬಾಯಿಯವರ ವಿಷಯ. ಇಷ್ಟು ಹೊತ್ತು ಸುಲ್ತಾನರು, ಬೇಳೆ ವ್ಯಾಪಾರಿ ಎಂದು ಅಲೆದಾಡಿದ್ದು ಈ ವಿಷಯಕ್ಕೆ ಬರಲು ಕಾಲು ಏಳದೆ ಇದ್ದುದಕ್ಕೆ.

ಮೈದಾನದ ಪೂರ್ವಕ್ಕೆ ಅವರ ಎರಡು ಎಕರೆ ಹೊಲ. ಅವರ ಗಂಡ ಮಾರುತಿಯ ಕಾಲದಲ್ಲಿ ಅದು ಕರಿಕೆ ಬಿದ್ದ ಹೊಲ. ಯಾರಿಗೂ ಬೇಡವಾಗಿದ್ದಕ್ಕೇ ಅವರಂಥ ಬಡ ಬೌದ್ಧ ಕುಟುಂಬಕ್ಕೆ ಸಿಕ್ಕಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಸೇರಿ ಮೂರು ಬೇಸಿಗೆ ಅದನ್ನು ಗುದ್ದಲಿಯಿಂದ ಮೊಣಕಾಲಾಳ ಅಗೆದರು. ಕರಿ ಮಣ್ಣಿನ ಹೆಂಟೆ ಬೇಸಿಗೆಯಲ್ಲಿ ಕಲ್ಲು. ಅದನ್ನು ಎತ್ತಿ ಮಗುಚಿ, ಒಡೆದು, ಒಳಗಿನ ಬಿಳಿ ಬೇರನ್ನು ಬೆರಳಿನಿಂದ ಎಳೆದು, ಬುಟ್ಟಿಗೆ ಹಾಕಿ, ಒಣಗಿಸಿ ಸುಡಬೇಕು. ಭಾಲ್ಕಿಯಲ್ಲಿ ನಾನಿದ್ದಾಗ ರೈತರನ್ನು ಕರೆದುಕೊಂಡು ಹೋಗಿ ಕರಿಕೆ ತೆಗೆದ ಹೊಲ ಹೀಗಿರಬೇಕು ನೋಡಿ ಎಂದು ತೋರಿಸುತ್ತಿದ್ದದ್ದೇ ಅವರ ಹೊಲವನ್ನು. ಅದೇ ಹೊಲದ ಉದ್ದು, ತೊಗರಿಯಲ್ಲಿ ಮಗಳು ಓದಿ ಭಾಲ್ಕಿಯಲ್ಲಿ ಟೀಚರಾದಳು. ಮಾರುತಿ ತೀರಿಕೊಂಡ ಮೇಲೂ ಶಾಂತಾಬಾಯಿ ಹೊಲ ಬಿಡಲಿಲ್ಲ. ಮಾಲೀಕ ಏಳನೆಯ ಕುಳಿಗೆ ಅದನ್ನು ಕೇಳಿದಾಗಲೂ ಕೊಡಲಿಲ್ಲ.

ಹುಲ್ಲು ಹಚ್ಚುತ್ತಿದ್ದಾಗ ಒಂದು ದಿನ ಅವರು ಬದುವಿನ ಮೇಲೆ ಬಂದು ನಿಂತರು. ಗೋಡೆ ಕಟ್ಟಿದರೆ ಬಂಗಲೆಗಳ ನೋಟ ಕೆಡುತ್ತದೆಂದು ನಡುವೆ ಬರೀ ತಂತಿಯ ಜಾಳಿಗೆ ಹಾಕಿದ್ದೆವು. ಅದರ ಆಚೆಯಿಂದಲೇ ಕೇಳಿದರು:

"ಸಾಹೇಬ್ರ, ಈ ಹುಲ್ಲ ನಮ್ಮ ಹೊಲಕ್ಕ ಬರ್ತದೇನ್ರಿ? ಬರೂದಿದ್ರ ಹೇಳ್ರಿ, ಮಳಿ ಬೀಳೂದ್ರಾಗ ಬದುವಿನಗುಂಟ ಒಂದ್ ತಗ್ಗು ತೋಡ್ತೇನಿ."

"ತಗ್ಗು ಗಿಗ್ಗು ಏನೂ ಬ್ಯಾಡ್ರಿ ಶಾಂತಾಬಾಯಿ. ಇದಕ್ಕ ಬೀಜಾನೇ ಇಲ್ಲ. ಬರಲ್ಲ, ನಾ ಹೇಳ್ತೇನಿ."

ಅವರು ತಲೆಯಾಡಿಸಿ ಹೋದರು. ನಾನು ಹೇಳಿದ ಮೇಲೆ ಮುಗಿಯಿತು, ಅಷ್ಟು ವಿಶ್ವಾಸ. ಈಗ ಎದೆ ಮುಟ್ಟಿಕೊಂಡು ನಿಜ ಹೇಳುತ್ತೇನೆ. ಕರಿಕೆ ಬೀಜದಿಂದಷ್ಟೇ ಹಬ್ಬುವುದಲ್ಲ, ನೆಲದೊಳಗಿನ ಕಾಂಡದಿಂದ ಹಬ್ಬುತ್ತದೆ ಎಂಬುದನ್ನು ಊರೂರಿಗೆ ಹೋಗಿ ಚಿತ್ರ ತೋರಿಸಿ ಹೇಳಿದವನು ನಾನೇ. ಈ ತಮ್ಮ ಅಣ್ಣನಷ್ಟು ಓಡುತ್ತಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ, ಅಷ್ಟೇ. ಅಷ್ಟೇ ಅಂದೆನೆ? ಅದೂ ಪೂರ್ತಿ ನಿಜವಲ್ಲ. ಬಂಗಲೆಗಳ ಎದುರಿಗೆ ತಗ್ಗು ತೋಡಿದರೆ ಮಾಲೀಕ ಮುಖ ಗಂಟಿಕ್ಕುತ್ತಾನೆ ಎಂಬುದು ಕೂಡ ಆ ಕ್ಷಣ ತಲೆಯಲ್ಲಿ ಹಾದುಹೋಗಿತ್ತು.

ಮೊದಲನೆಯ ಮಳೆಗಾಲ ಏನೂ ಆಗಲಿಲ್ಲ. ನಾನು ಹೇಳಿದ್ದೇ ನಿಜವಾಯಿತೆಂದು ಬೀಗಿದೆ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಶಾಂತಾಬಾಯಿ ಬೀದರಿನ ನಮ್ಮ ಮನೆ ಹುಡುಕಿಕೊಂಡು ಬಂದರು. ಚಪ್ಪಲಿ ಹೊರಗೆ ಬಿಟ್ಟು, ನನ್ನ ಹೆಂಡತಿ ಕೊಟ್ಟ ನೀರು ಕುಡಿದು, ಸೆರಗಿನ ಗಂಟು ಬಿಚ್ಚಿ ಟೀಪಾಯಿಯ ಮೇಲೆ ಒಂದು ಬೇರು ಇಟ್ಟರು. ಬಿಳಿಯದು, ಗೆಣ್ಣುಗೆಣ್ಣಿಗೂ ಚಿಗುರಿತ್ತು. ಬದುವಿನಿಂದ ಏಳೆಂಟು ಹೆಜ್ಜೆ ಒಳಗೆ ಸಿಕ್ಕಿತಂತೆ, ಉದ್ದು ಕೀಳುವಾಗ. ನಾನು ಕೂಡಲೇ ಔಷಧಿಯ ಹೆಸರು ಹೇಳಲು ಶುರು ಮಾಡಿದೆ. ಎಷ್ಟು ನೀರಿಗೆ ಎಷ್ಟು, ಯಾವಾಗ ಹೊಡೆಯಬೇಕು. ಔಷಧಿ ಎಣ್ಣೆ ಹೊಡೆದರೆ ಮೇಲಿನದು ಸಾಯುತ್ತದೆ, ಕೆಳಗಿನದು ಕಾಯುತ್ತ ಕೂರುತ್ತದೆ, ಅದು ನಿಮಗೂ ಗೊತ್ತಲ್ಲ ಎಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ.

"ನಿಮಗ ಎಲ್ಲಾ ಗೊತ್ತಿರ್ಬೇಕಂತ ನಾ ಕೇಳಿದ್ದಿಲ್ರಿ ಸಾಹೇಬ್ರ. ಗೊತ್ತಿಲ್ಲ ಅಂದಿದ್ರ ಸಾಕಿತ್ತು. ನಾ ತಗ್ಗು ತೋಡ್ತಿದ್ದೆ."

ಅವರು ಹೋದ ಮೇಲೆ ಟೀಪಾಯಿಯ ಮೇಲೆ ಉಳಿದ ಬೇರನ್ನು ನನ್ನ ಹೆಂಡತಿ ಒಲೆಗೆ ಹಾಕಿದಳು. ಗಣಪತಿಯ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾಲೀಕನ ಹತ್ತಿರ ಹೋಗಿ ಮೈದಾನದ ಅಂಚಿಗೆ ನಾವೇ ಆಳವಾದ ತಗ್ಗು ತೆಗೆಸಬೇಕು, ಆಯಮ್ಮನ ಹೊಲ ಶುದ್ಧ ಮಾಡಿಸಿಕೊಡಬೇಕು ಎಂದೆ. ಅವನು ಎರಡನೆಯ ಹಂತದಲ್ಲಿ ನೋಡೋಣ ಎಂದ. ಆಮೇಲೆ ಸ್ವಲ್ಪ ಯೋಚಿಸಿ, ಹೊಲ ಹೆಂಗೂ ಕೆಟ್ಟಿದೆಯಲ್ಲ, ಈಗಲಾದರೂ ಕೊಟ್ಟುಬಿಡಲಿ, ನಿಮ್ಮ ಮಾತು ಕೇಳುತ್ತಾರೆ, ನೀವೇ ಹೇಳಿ ಎಂದ. ಅವನು ಕೆಟ್ಟವನಲ್ಲ. ವ್ಯಾಪಾರಸ್ಥ, ತನಗೆ ತೋಚಿದ್ದನ್ನು ಹೇಳಿದ. ಆ ಮಾತು ಹೊತ್ತುಕೊಂಡು ನಾನು ಶಾಂತಾಬಾಯಿಯವರ ಮನೆಯ ತನಕ ಹೋದದ್ದು ನಿಜ. ಗೋಡೆಯ ಮೇಲೆ ಬುದ್ಧ ಕಣ್ಣು ಮುಚ್ಚಿ ಕೂತಿದ್ದ. ಅವರು ಚಹಾ ಕೊಟ್ಟರು, ನಾನು ಕುಡಿದೆ, ಮಗಳ ಶಾಲೆಯ ವಿಷಯ ಕೇಳಿದೆ, ಎದ್ದು ಬಂದೆ. ಮರುದಿನ ಕೆಲಸ ಬಿಟ್ಟೆ. ಕೆಲಸ ಬಿಟ್ಟದ್ದರಿಂದ ಕರಿಕೆಗೆ ಏನೂ ಆಗಲಿಲ್ಲ.

ಮೈದಾನದಲ್ಲಿ ಈಗ ಗಾಲ್ಫ್ ಆಡುವವರು ವಾರಕ್ಕೆ ಇಬ್ಬರೋ ಮೂವರೋ. ಹೆಚ್ಚಾಗಿ ಮದುವೆ ನಿಶ್ಚಯವಾದ ಜೋಡಿಗಳು ಬಂದು ಬಲೂನು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಹುಲ್ಲು ಮಾತ್ರ ಸೊಂಪಾಗಿದೆ. ನನ್ನ ವೃತ್ತಿಜೀವನದಲ್ಲಿ ನಾನು ಕೈಯಿಟ್ಟದ್ದು ಇಷ್ಟು ಚೆನ್ನಾಗಿ ಬೆಳೆದ ಉದಾಹರಣೆ ಇನ್ನೊಂದಿಲ್ಲ. ಶಾಂತಾಬಾಯಿ ಬದುವಿಗೆ ಹತ್ತಿದ ಪಟ್ಟಿಯಲ್ಲಿ ಬಿತ್ತುವುದನ್ನು ನಿಲ್ಲಿಸಿದ್ದಾರೆ. ಕಾಲು ಭಾಗ ಹೊಲ ಹೀಗೆ ಬರಿದಾಗಿ ಬಿದ್ದಿದೆ.

ಈ ಬೇಸಿಗೆಯಲ್ಲಿ ನಾನು ಒಂದು ಗುದ್ದಲಿ ಕೊಂಡೆ. ನಗಬೇಡಿ. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಮನುಷ್ಯ ಬೆಳಗಿನ ಮೊದಲ ಬಸ್ಸಿನಲ್ಲಿ ಗುದ್ದಲಿ ಹಿಡಿದು ಹಲಬರ್ಗಾದಲ್ಲಿ ಇಳಿಯುವುದನ್ನು ಕಂಡು ಕಂಡಕ್ಟರನೇ ಸಾಕಷ್ಟು ನಕ್ಕಿದ್ದಾನೆ. ಮೊದಲ ದಿನ ಶಾಂತಾಬಾಯಿ ಬೇಡವೆಂದರು. ಎರಡನೆಯ ದಿನ ಬದುವಿನ ಮೇಲೆ ನಿಂತು ನೋಡಿದರು. ಮೂರನೆಯ ದಿನ ಬುಟ್ಟಿ ತಂದು ನನ್ನ ಹಿಂದೆ ಕೂತರು. ನಾನು ಮುಂದೆ ಅಗೆಯುತ್ತ ಹೋಗುವುದು, ಅವರು ಹಿಂದಿನಿಂದ ನಾನು ಬಿಟ್ಟುಬಂದ ಬೇರುಗಳನ್ನು ಆರಿಸುತ್ತ ಬರುವುದು. ನನ್ನ ಪ್ರತಿ ಹೆಂಟೆಯಲ್ಲೂ ಅವರಿಗೆ ಏನಾದರೂ ಸಿಗುತ್ತದೆ. ಮೂವತ್ತು ವರ್ಷ ನಾನು ಪಟದಲ್ಲಿ ತೋರಿಸಿದ ಬೇರಿಗಿಂತ ನೆಲದ ಬೇರು ಬಹಳ ಆಳಕ್ಕಿದೆ. ಕೈಯ ಬೊಬ್ಬೆಗಳು ಒಡೆದು ಮತ್ತೆ ಎದ್ದಿವೆ. ಮಾರುತಿ ಬದುಕಿದ್ದರೆ ನನ್ನ ಅಗೆತ ನೋಡಿ ಗುದ್ದಲಿ ಕಸಿದುಕೊಳ್ಳುತ್ತಿದ್ದ.

ಮೊನ್ನೆ ಬೇವಿನ ಕೆಳಗೆ ರೊಟ್ಟಿ ಬಿಚ್ಚುವ ಮುಂಚೆ ಅವರು ಅಗೆದ ನೆಲವನ್ನು ಈ ತುದಿಯಿಂದ ಆ ತುದಿಗೆ ನೋಡಿ ಕೇಳಿದರು:

"ಈ ಸಲರ ಹೋಗ್ತದೇನ್ರಿ ಸಾಹೇಬ್ರ?"

ನನ್ನೊಳಗಿನ ಸಾಹೇಬ ಎದ್ದು ನಿಂತ. ಮಣ್ಣಿನ ತೇವ, ಬಿಸಿಲಿನ ತಾಪ, ಗೆಣ್ಣು ಒಣಗಲು ಬೇಕಾದ ದಿನ ಎಲ್ಲವೂ ನಾಲಿಗೆಯ ತುದಿಗೆ ಬಂದವು. ಅವನ್ನೆಲ್ಲ ನುಂಗಿಕೊಂಡೆ.

"ಗೊತ್ತಿಲ್ರಿ" ಎಂದೆ.

ಶಾಂತಾಬಾಯಿ ರೊಟ್ಟಿಯ ಗಂಟನ್ನು ಹಾಗೇ ಪಕ್ಕಕ್ಕಿಟ್ಟು ಎದ್ದರು.

"ಹಂಗಾದ್ರ ಇನ್ನೊಂದ್ ಗೇಣು ಆಳಕ್ಕ ಅಗಿರಿ."